ಜಾಗದ ಸದ್ದು

ಅಕ್ಕ ಬರೆದ ಕಥೆಯಲ್ಲಿ ಇದ್ದದ್ದು ಹೊಳೆ.
ದಂಡೆಯಲ್ಲಿ ಜೊಂಡು, ತೇಲಿಹೋಗುವ ಒಂದು ಚಪ್ಪಲಿ,
ಮೊಣಕಾಲುದ್ದ ನೀರಿಗಿಳಿದು ಅಳುವ ತಾಯಿ.
ನೂರಾ ನಾಲ್ಕು ಪುಟ. ಎಲ್ಲ ಪುಟವೂ ಒದ್ದೆ.

ಕೂಡಿದ ದುಡ್ಡು ಸಾಕಾದದ್ದು ಚಿತ್ರದುರ್ಗಕ್ಕೆ ಮಾತ್ರ.
ನಮ್ಮೂರೇ; ಊಟ ನಮ್ಮ ಮನೆಯದು, ಜನರೇಟರ್ ಮಾವನದು.
ಹೊಳೆ ಎಲ್ಲಿಂದ ತರೋಣ?
ಜೋಗಿಮಟ್ಟಿಯ ಹಿಂಬದಿ ಬಂಡೆಯ ಮೇಲೆ ಬಂಡೆ,
ಯಾರೋ ಎಣಿಸುತ್ತಾ ಕೂತು ಅರ್ಧಕ್ಕೆ ಎದ್ದುಹೋದ ಹಾಗೆ.
ಸಂದಿಯಲ್ಲಿ ಸೀತಾಫಲ, ಕಾರೆಮುಳ್ಳು.
ನೆತ್ತಿಗುಂಟ ಗಾಳಿಯಂತ್ರಗಳು
ಮೂರು ಮೂರು ಕೈಯೆತ್ತಿ ಬೇಡ, ಬೇಡ ಅನ್ನುತ್ತಾ.

ಸದ್ದು ಹಿಡಿಯುವವಳು ನಾನು.
ಮೈಕಿಗೆ ಕುರಿಕಂಬಳಿಯ ತುಂಡು ಸುತ್ತಿದೆ.
ಗಾಳಿ ಅದರೊಳಗೂ ಮನೆ ಮಾಡಿತು.
ತಾಯಿ ಪಾತ್ರದ ಶಿವಲೀಲಮ್ಮನದು ಕಂಪನಿ ನಾಟಕದ ಗಂಟಲು,
ಆದರೂ ಆಕೆ "ಮಗನೇ" ಅಂದರೆ
"ಮ" ನನ್ನ ಕಿವಿಗೆ,
ಉಳಿದದ್ದು ಚಳ್ಳಕೆರೆ ಕಡೆಗೆ.

ಒಂಬತ್ತು ಟೇಕ್. ಹತ್ತನೆಯದಕ್ಕೆ ಅಕ್ಕ
ಮಾತಿನ ಹಾಳೆ ಮಡಚಿ ಸಂದಿಗಿಟ್ಟು
ಹಾರದ ಹಾಗೆ ಕಲ್ಲು ಹೇರಿದಳು.
"ಅಳಬೇಡಿ. ಸುಮ್ನೆ ಹತ್ತಿ ಹೋಗಿ.
ಆ ಬಂಡೆ ದಾಟೋಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು."
ಆಕೆ ಹತ್ತಿದಳು. ಸೆರಗು ಮುಳ್ಳಿಗೆ ಸಿಕ್ಕಿತು.
ನಿಂತಳು, ಒಂದೊಂದೇ ಎಳೆ ಬಿಡಿಸಿಕೊಂಡಳು, ಹತ್ತಿದಳು.
ಕ್ಯಾಮೆರಾದ ಜಾಫರ್ ಕಟ್‌ಗೆ ಕಾದ.
ಅಕ್ಕ ಹೇಳಲಿಲ್ಲ.

ಆಮೇಲೆ ಬಂಡೆಯೇ ದಿನಕ್ಕೊಂದು ಪುಟ ತಿಂದಿತು.
ಸಾವಿನ ನಂತರ ನಾಲ್ವರು ನಾಲ್ಕು ಕೋಣೆಯಲ್ಲಿ
ಬಾಗಿಲು ಹಾಕಿಕೊಳ್ಳುತ್ತಾರೆ ಅಂತಿತ್ತು ಕಥೆಯಲ್ಲಿ.
ಇಲ್ಲಿ ಕೋಣೆಯಿಲ್ಲ. ಹನ್ನೆರಡು ಗಂಟೆಗೆ
ಒಂದು ಚಾಪೆಯಗಲದ ನೆರಳು.
ಮುನಿಸಿಕೊಂಡವರು ಅದರಲ್ಲೇ ಭುಜ ತಾಗಿಸಿ ಕೂರಬೇಕು,
ನೆರಳು ಸರಿದಂತೆ ಒಬ್ಬರನ್ನೊಬ್ಬರು ತಳ್ಳುತ್ತಾ ಸರಿಯಬೇಕು.
ತಳ್ಳುವಾಗ ಹುಡುಗಿಯ ಪಾತ್ರದವಳಿಗೆ ನಗು ಬಂತು.
ಆ ನಗುವನ್ನೂ ಇಟ್ಟುಕೊಂಡಳು ಅಕ್ಕ.

ಹದಿನಾಲ್ಕನೇ ದಿನ, ಟೀ ಲೋಟದೊಳಗೆ ನೋಡುತ್ತಾ:
"ಕ್ವಾರಿಗೆ ಇಲ್ಲಿಂದ ಎಷ್ಟು ದೂರ?"

ಹನ್ನೊಂದು ವರ್ಷ ನಮ್ಮ ಮನೆಯಲ್ಲಿ ಆ ಪದ ಇರಲಿಲ್ಲ.
ಕಲ್ಲು ಕೊಯ್ದು ಬಿಟ್ಟ ಹೊಂಡ. ಗೋಡೆಯುದ್ದಕ್ಕೂ
ಡ್ರಿಲ್ಲಿನ ಗೀರು, ಕಾಪಿ ಪುಸ್ತಕದ ಗೆರೆಯಷ್ಟು ನೇರ.
ಪಾಲಾಕ್ಷಣ್ಣ ಈಜಲು ಹಾರಿದ ಹಸಿರು ನೀರು.
ಹೊಳೆಯಾಗಿದ್ದರೆ ಕೊಂಡೊಯ್ಯಿತು ಅನ್ನಬಹುದಿತ್ತು.
ಅದಕ್ಕೇ ಬರೆದಳೇನೋ ಹೊಳೆ.
ಹೊಂಡ ಯಾರನ್ನೂ ಎಲ್ಲಿಗೂ ಒಯ್ಯುವುದಿಲ್ಲ.

ಆವತ್ತು ಊಟದ ಕ್ಯಾರಿಯರ್ ಹಿಡಿದು ಅಮ್ಮನೇ ಬಂದಳು.
ಹಿಂದೆ, ನೂರು ಮಾರು ಬಿಟ್ಟು, ಅಪ್ಪ.
ಮಾನಿಟರಿನಲ್ಲಿ ಅಷ್ಟೆತ್ತರದ ಕಲ್ಲು,
ಬುಡದಲ್ಲಿ ಇರುವೆಯಷ್ಟು ಶಿವಲೀಲಮ್ಮ.
ಅಮ್ಮ ಬಗ್ಗಿ ನೋಡಿ ಅಂದಳು:
"ಹೌದು, ಇಷ್ಟೇ ಇದ್ದೆ ನಾನು."
ಆಮೇಲೆ ಚಟ್ನಿ ಯಾರಿಗೆ ಸಾಲಲಿಲ್ಲ ಅಂತ ಕೇಳಿದಳು.

ಜಾಗದ ಸದ್ದು ಅಂತ ಒಂದಿದೆ.
ಜಾಗ ಬಿಡುವ ಮುನ್ನ ಎಲ್ಲರೂ ನಿಂತಲ್ಲೇ ನಿಂತು
ಒಂದು ನಿಮಿಷ ಏನೂ ಮಾಡದೆ ಇರಬೇಕು;
ಎಡಿಟಿಂಗಿನಲ್ಲಿ ತೇಪೆಗೆ ಬೇಕಾಗುತ್ತದೆ, ಅಷ್ಟೇ.
ಕೈಯೆತ್ತಿದೆ. ಲೈಟಿನ ಹುಡುಗರು ನಿಂತರು.
ಅಮ್ಮ ನಿಂತಳು, ಮುಚ್ಚಳ ಕೈಯಲ್ಲೇ.
ಅಪ್ಪ ನಿಂತ, ಹೊಂಡಕ್ಕೆ ಬೆನ್ನು ಹಾಕಿ,
ಆಮೇಲೆ ಮೆಲ್ಲಗೆ ತಿರುಗಿ.

ಈಗ ಇಲ್ಲಿ, ಕತ್ತಲ ಕೋಣೆಯಲ್ಲಿ, ಆ ನಿಮಿಷ ಕೇಳುತ್ತಿದ್ದೇವೆ.
ಗಾಳಿ. ದೂರದ ರೆಕ್ಕೆ ಸುಯ್, ಸುಯ್.
ಎಲ್ಲೋ ಗೌಜಲಹಕ್ಕಿ.
ನಲವತ್ತೊಂದನೇ ಸೆಕೆಂಡಿಗೆ ಅಪ್ಪನ ಕೆಮ್ಮು.
"ತೆಗೀಲಾ?" ಅಂದೆ.
ಅಕ್ಕ ಬೆರಳೆತ್ತಿದಳು, ತಾಳು.

ಎದುರು ಗೋಡೆಗೆ ಹೋಗಿ ಬಡಿದು
ನೀರಿನ ಮೇಲಿಂದ ಕೆಮ್ಮು ವಾಪಸು ಬಂತು,
ಸ್ವಲ್ಪ ಎಳೆಯ ಗಂಟಲಲ್ಲಿ.

"ಇನ್ನೊಂದ್ಸಲ ಹಾಕು."